ವಾಷರ್ ಬಾನೆಟ್ಟಿನ ಮೇಲಿದೆ

ಶಿವಮಲ್ಲು,

ಮಗಳು ಚೈತ್ರಳನ್ನು ಅವಳಪ್ಪನ ಮನೆಯಿಂದ ಕರೆತರಲು ನಾನು ಚಾಮರಾಜನಗರದ ಬಸ್ಸಿಗೆ ಹೊರಟೆ. ಅವ್ವನಿಗೆ ಹೇಳಿಲ್ಲ, ಹೇಳಿದ್ದರೆ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಮುದ್ದೆ, ಉಪ್ಸಾರು ಒಲೆಯ ಪಕ್ಕ ಇದೆ.

"ಕಾರು ರಿಪೇರಿ ಆಗ್ಲಿ ಕಣಕ್ಕ, ನಾನೇ ಓಗಿ ಮಗೀನ ಕರ್ಕಬತ್ತೀನಿ" ಅಂತ ದೀಪಾವಳಿಯಿಂದ ಹೇಳುತ್ತಿದ್ದೀಯ. ಇಂಜಿನ್ನಿನ ಪ್ರೆಶರ್ ಮೀಟರಿನ ಬುಡದಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಸೋರದಂತೆ ತಡೆಯುವ ವಾಷರ್ ಎಲ್ಲೂ ಸಿಗುತ್ತಿಲ್ಲ ಅಂದೆ. ನಾನು ನಂಬಿದೆ. ಬೆಳಿಗ್ಗೆ ಒಗೆಯಲು ತೆಗೆದ ನಿನ್ನ ಅಂಗಿಯ ಜೇಬಿನಲ್ಲಿ ಹೊಸ ವಾಷರ್ ಸಿಕ್ಕಿತು. ಸುತ್ತಿದ ಕಾಗದ ಆಗಲೇ ಮಾಸಿ ಹರಿದಿತ್ತು.

ಬೈಯುವುದಿಲ್ಲ. ನಿನ್ನ ಬಾವ ಊರ ಮುಂದೆ ನಿನಗೆ ಹೊಡೆದದ್ದನ್ನು ನಾನೂ ನೋಡಿದ್ದೇನೆ. ಆದರೆ ನಿನ್ನ ಹೆದರಿಕೆಯೊಳಗೆ ನನ್ನನ್ನೂ ಕೂಡಿಹಾಕಿಬಿಟ್ಟೆಯಲ್ಲೋ.

ವಾಷರ್ ಬಾನೆಟ್ಟಿನ ಮೇಲಿದೆ. ಮೊದಲು ಬ್ಯಾಟರಿ ವೈರು ಬಿಚ್ಚು. ಬೀಡಿ ಹಚ್ಚಬೇಡ. ಮೀಟರ್ ಬಿಚ್ಚುವಾಗ ಪೆಟ್ರೋಲ್ ಚಿಮ್ಮುತ್ತದೆ, ಬಟ್ಟೆ ಹಿಡಿದುಕೋ. ಹಳೇ ವಾಷರ್ ಕಿತ್ತು ಹೊಸದು ಕೂರಿಸು. ಸಿಟ್ಟಿನಲ್ಲಿ ಬಿಗಿದು ತಿರುಪಿನ ಥ್ರೆಡ್ ಹಾಳು ಮಾಡಬೇಡ. ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಒದ್ದೆಯಾಗುತ್ತದೆಯೇ ಎಂದು ನೋಡಿಯೇ ಹೊರಡು.

ನಿನ್ನ ಬಾವ ಹೇಳಿ ಕಳಿಸಿದ್ದು ನಿನಗೂ ಗೊತ್ತು: "ಮಗಳು ಬೇಕಂದ್ರೆ ಅವ್ಳೇ ಬಂದು ಇಲ್ಲೇ ಬಿದ್ದಿರ್ಲಿ." ಒಬ್ಬಳೇ ಒಳಗೆ ಹೋದರೆ ನನ್ನನ್ನೂ ಹೊರಗೆ ಬಿಡುವುದಿಲ್ಲ. ಅವರ ಬೀದಿಯ ತುದಿಯಲ್ಲಿರುವ ಅಂಗಡಿ ಜಗಲಿಯ ಮೇಲೆ ಕತ್ತಲಾಗುವವರೆಗೂ ನಿನಗಾಗಿ ಕಾಯುತ್ತೇನೆ.

ನೀನು ಬರದಿದ್ದರೂ ಆಮೇಲೆ ಒಳಗೆ ಹೋಗುತ್ತೇನೆ. ಮಗು ಅಲ್ಲಿದೆ.

ಅಕ್ಕ