ಗಿರಣಿ ಹೆಂಗಸರ ಫೋಟೋ

3-8-74, ಸಂಜೆ
ಬ್ರೂಸ್‌ಪೇಟೆ ರದ್ದಿ ಅಂಗಡಿಗಳಲ್ಲಿ ಇವತ್ತೂ ಸೊನ್ನೆ. ಬರೀ ಗೈಡು, ಹರಿದ ಪಂಚಾಂಗ. ಆದರೆ ಪಾಲಯ್ಯ ಸಿಕ್ಕ — ನನ್ನ ಹಳೇ ಸ್ಟೂಡೆಂಟು, ಈಗ ಕುರುಗೋಡಿನಲ್ಲಿ ಮೇಷ್ಟ್ರು. ವರ್ಷಗಟ್ಟಲೆ ಹುಡುಕುತ್ತಿರುವ ಹತ್ತಿ ಗಿರಣಿ ಕೂಲಿಗಳ ಕಾದಂಬರಿ, ಮೊದಲ ಮುದ್ರಣ, ಅವನೂರಲ್ಲಿ ಒಬ್ಬಳ ಮನೆ ದೇವರ ಮಾಡದಲ್ಲಿದೆಯಂತೆ. ಗಿರಣಿ ಹೆಂಗಸರ ಫೋಟೋ ಇರುವುದು ಅದರಲ್ಲಿ ಮಾತ್ರ. ಆಮೇಲಿನ ಮುದ್ರಣಗಳಲ್ಲಿ ಕೈಬಿಟ್ಟರು.

4-8-74
ಕುರುಗೋಡು. ಹುಲುಗಮ್ಮ, ಕೂಲಿಯವಳು, ಓದು ಬಾರದು. ತಾಯಿ ಗಾದೆಮ್ಮ ಗಿರಣಿಯಲ್ಲಿದ್ದವಳು. ಫೋಟೋದಲ್ಲಿ ಮೂರು ಸಾಲು ಹೆಂಗಸರು, ಮುಖ ಒಂದೊಂದೂ ಜೋಳದ ಕಾಳಿನಷ್ಟು. ಒಬ್ಬಳ ಮೇಲೆ ಮಾತ್ರ ಕುಂಕುಮ, ಮೆತ್ತಿ ಮೆತ್ತಿ ಮುಖವೇ ಮುಚ್ಚಿದೆ.
"ಅವ್ವ ಸತ್ತಾಗ ನಾ ಕೈಗೂಸ್ರಿ. ಕುಂಕುಮ ಇದ್ದಾಕೀನ ನಿಮ್ಮವ್ವ ಅಂತ ಅಜ್ಜಿ ತೋರಿಸಿದ್ಲು. ಮಾನಮಿ ಅಮಾಸಿಗೆ ಇದಕ್ಕ ಎಡಿ ಇಡ್ತೀನ್ರಿ."
"ಹುಳ ಹತ್ಯಾವ. ಬೈಂಡ್ ಮಾಡಿಸಿ ಕೊಡ್ತೀನಿ" ಅಂದೆ. ಎರಡೂ ಕೈಯಿಂದ ಕೊಟ್ಟಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

11-8-74
ಇಡೀ ಭಾನುವಾರ ಕುಂಕುಮ ತೆಗೆದೆ. ಬ್ರೆಡ್ಡಿನ ತಿರುಳು, ರಬ್ಬರು, ಹತ್ತಿಯಲ್ಲಿ ಚೂರು ಪೆಟ್ರೋಲು. ಒಂದು ಕಲೆಯೂ ಉಳಿದಿಲ್ಲ. ಖುಷಿಗೆ ಊಟ ಸೇರಲಿಲ್ಲ.
ಹೆಂಡತಿ ಇಣುಕಿ ನೋಡಿ, "ಆಕಿ ಅವ್ವ ಯಾವಾಕಿ ಅಂತ ಗುರ್ತು ಇಟ್ಕೊಂಡೀರೇನು?" ಅಂದಳು. ಬೆಳಗ್ಗೆಯೇ ಹೇಳಬಾರದಿತ್ತೆ? ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ.

1-9-74
ಸಿರುಗುಪ್ಪ ಸಾಹಿತ್ಯ ಸಭೆ. ಫೋಟೋ ಎತ್ತಿ ಹಿಡಿದು 'ಹೆಸರಿಲ್ಲದ ಈ ತಾಯಂದಿರು' ಅಂದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ, ನಿಜಕ್ಕೂ. ಚಪ್ಪಾಳೆಯೋ ಚಪ್ಪಾಳೆ. ಇನ್ನು ಪುಸ್ತಕ ವಾಪಸು ಕೊಡುವ ಮಾತೇ ಇಲ್ಲ.

14-9-74
ಹುಲುಗಮ್ಮ ಬಂದಳು. ಹೊಸ ಮುದ್ರಣದ ಪ್ರತಿ ಕೊಟ್ಟೆ, ಬಣ್ಣದ ರಟ್ಟು. ಹಾಳೆ ತಿರುವಿ ತಿರುವಿ, "ಅವ್ವ ಎಲ್ರಿ?" ಅಂದಳು. ಹಳೆಯದನ್ನು ತೋರಿಸಲೇಬೇಕಾಯಿತು. ಎಲ್ಲರ ಹಣೆಯೂ ಬರಿದು.
"ಇದರಾಗ ಯಾವಾಕಿ ರೀ, ನಮ್ಮವ್ವ?"
ಯಾರೋ ಒಬ್ಬಳನ್ನು ತೋರಿಸಿದೆ. ಬಗ್ಗಿ ನೋಡೇ ನೋಡಿದಳು. "ನನ್ನ ಮಗಳಂಗ ಅದಾಳ್ರಿ" ಅಂತ ಅತ್ತಳು. ಪುಸ್ತಕ ಇಲ್ಲೇ ಇರಲಿ, ಅಮಾಸಿಗೆ ಬಂದು ನೋಡು ಅಂದೆ. ಕೈಮುಗಿದು ಹೋದಳು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಹೊಸ ಪ್ರತಿಯೂ ಕೊಡುತ್ತಿರಲಿಲ್ಲ.

15-10-74, ಮಧ್ಯಾಹ್ನ
ಅಮಾಸಿ. ಮಗಳನ್ನೂ ಕರೆತಂದಿದ್ದಾಳೆ. ಮುತ್ತುಗದೆಲೆಯಲ್ಲಿ ಹೋಳಿಗೆ.
"ನೀವ ತೋರಿಸ್ರಿ ಸಾಹೇಬ್ರ, ಹುಡುಗಿಗಿ ಅಜ್ಜೀನ."
ಹೋದ ಸಲ ಯಾರನ್ನು ತೋರಿಸಿದ್ದೆ? ನಡುಸಾಲಿನಲ್ಲಿ ಬೆರಳಿಟ್ಟೆ. ಹುಲುಗಮ್ಮ ನನ್ನ ಮುಖ ನೋಡಿದಳು.
"ಈಕಿ ಅಲ್ರಿ. ಅವತ್ತ ತುದೀಗಿ ನಿಂತಾಕಿನ್ನ ತೋರಿಸಿದ್ರಿ."
ಬೆಳಕು ಸಾಲದು, ತಪ್ಪಿತು ಅಂದೆ.
"ಯಾವತ್ತು ತಪ್ಪಿದ್ದು? ಅವತ್ತೋ, ಇವತ್ತೋ?"

ಇನ್ನೂ ಪಡಸಾಲೆಯಲ್ಲೇ ಕೂತಿದ್ದಾರೆ. ತಾಯಿಗೆ ಎಡೆ ಇಡದೆ ಉಣ್ಣುವುದಿಲ್ಲವಂತೆ. ಪುಸ್ತಕ ಬೇಡವಂತೆ, ಯಾರು ಅಂತ ಹೇಳಿದರೆ ಸಾಕಂತೆ. ಹೆಂಡತಿ ನನ್ನ ಜೊತೆ ಮಾತಾಡುತ್ತಿಲ್ಲ. ಭೂತಗನ್ನಡಿ ಹಿಡಿದು ಒಳಗೆ ಕೂತಿದ್ದೇನೆ. ಈಗ ನೋಡಿದರೆ ಎಲ್ಲರೂ ಹುಲುಗಮ್ಮನ ಹಾಗೇ ಕಾಣುತ್ತಾರೆ. ಮೇಲಿನ ಸಾಲಿನ ಈ ಮೂಗುತಿಯವಳು —