ಗುಟ್ಟಿನ ನಂಟು

ಮನೆಯಿಂದ,
ಡಿಸೆಂಬರ್ ಎರಡು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಬಾಟ್ಲಿಯನ್ನು ಕಪಾಟಿನಲ್ಲಿ ಕೂರಿಸಿ ನೋಡುತ್ತಿದ್ದೀರೋ? ನಾದಿನಿಯ ಕೂಸು ಹೆಜ್ಜೆ ಇಡುತ್ತಿದೆಯಂತೆ, ಅದರ ಹಿಂದೆ ನೀವೂ ಓಡಬೇಡಿ. ಇಲ್ಲಿ ನಾವು ಮೂವರೂ ಆರಾಮ. ನಿಮ್ಮ ಮಗ ಬಸ್ಸು ಓಡಿಸಿ ಬಂದವರೇ ಎಂದಿನಂತೆ ಕೂತಲ್ಲೇ ನಿದ್ದೆ. ಮೊಮ್ಮಗಳು ಲೆಕ್ಕದಲ್ಲಿ ಜಾಣೆ, ಬಾಯಲ್ಲಿ ಮಾತ್ರ ನನ್ನನ್ನೇ ಹೋಲುತ್ತಾಳೆ, ದೇವರೇ ಕಾಪಾಡಬೇಕು.

ಮೊನ್ನೆ ಫೋನಿನಲ್ಲಿ ನೀವು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. ಹೋದ ವರ್ಷ ಮಗಳ ಬಾಣಂತನಕ್ಕೆಂದು ಹೋದವರು, ಇನ್ನು ಅಲ್ಲೇ ಇದ್ದುಬಿಡುತ್ತೇನೆ ಅಂದಿರಿ. "ಎರಡೇ ಕೋಣೆ ಮನೆ. ನಾನಿದ್ರೆ ನಿಮಗೆ ಇಕ್ಕಟ್ಟು. ಕೈಲಾಗದವಳಿಂದ ಏನುಪಯೋಗ ಹೇಳಮ್ಮಾ" ಅಂದಿರಿ. ಊರಿಗೆಲ್ಲ ಎದುರುತ್ತರ ಕೊಡುವವಳು ನಾನು, ನಿಮಗೂ ಒಂದು ಕೊಡದೆ ಬಿಡುತ್ತೇನೆಯೇ? ಅದಕ್ಕೇ ಈ ಕಾಗದ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಪ್ರತಿ ಡಿಸೆಂಬರಿನಲ್ಲೂ ಚೀಟಿ ಎತ್ತುತ್ತೇವೆ. ಯಾರ ಹೆಸರು ಬಂತೋ ಅವರಿಗೆ ಗೊತ್ತಾಗದಂತೆ ಸಣ್ಣಪುಟ್ಟ ಉಪಕಾರ ಮಾಡುತ್ತಿರಬೇಕು. ಕ್ರಿಸ್‌ಮಸ್ಸಿನ ಹಿಂದಿನ ದಿನ ಕೇಕ್ ಕತ್ತರಿಸಿ, "ನಿನ್ನ ಗುಟ್ಟಿನ ನಂಟು ನಾನೇ ಕಣೇ" ಎಂದು ಹೇಳಿ ಆಟ ಮುಗಿಸಬೇಕು. ಆಮೇಲೆ ಎಲ್ಲರೂ ಮಾಮೂಲಿನಂತೆ ಹಾವು ಮುಂಗುಸಿ. ಹೋದ ವರ್ಷ ಕೇಕಿಗೆ ಚಾಕು ಇಡುವ ಹೊತ್ತಿಗೆ ಸರಿಯಾಗಿ ದೊಡ್ಡ ಯಂತ್ರದ ಪೈಪು ಒಡೆಯಿತು ನೋಡಿ, ಪಾದ ಮುಳುಗುವಷ್ಟು ಸೋಪಿನ ನೀರು! ವಾರ್ಡಿಗೆ ಹೋಗಬೇಕಿದ್ದ ಹೊದಿಕೆಗಳೆಲ್ಲ ನೆನೆದು ಮುದ್ದೆ. ಎಲ್ಲರೂ ಬಟ್ಟೆ ಎತ್ತಿ ಕಟ್ಟಿಕೊಂಡು ನೀರು ಬಳಿಯಲು ನಿಂತೆವು. ಕೇಕ್ ಹೇಗೋ ಹೊಟ್ಟೆ ಸೇರಿತು, ಹೆಸರು ಹೇಳುವುದು ಮಾತ್ರ ಮರೆತೇಹೋಯಿತು.

ಜನವರಿಯಲ್ಲಿ ನೋಡುತ್ತೇನೆ, ನನ್ನ ನೀರಿನ ಬಾಟ್ಲಿಯನ್ನು ಯಾರೋ ಇನ್ನೂ ತುಂಬಿಸಿಡುತ್ತಿದ್ದಾರೆ! ಒಮ್ಮೆ ಇಸ್ತ್ರಿ ಯಂತ್ರಕ್ಕೆ ಬೆರಳು ತಾಗಿ ಬೊಬ್ಬೆ ಬಂತು. ಮಾರನೆಯ ಬೆಳಿಗ್ಗೆ ನನ್ನ ಮೇಜಿನ ಮೇಲೆ ಹಳೇ ಕಂಬಳಿಯಲ್ಲಿ ಹೊಲಿದ ಕೈಗವಸು. ಅವರು ನಿಲ್ಲಿಸದೆ ನಾನು ಹೇಗೆ ನಿಲ್ಲಿಸಲಿ? ನನಗೆ ಬಂದಿದ್ದು ಬಾಯ್ಲರ್ ಮಾಮನ ಹೆಸರು. ಹಳೇ ಪತ್ರಿಕೆಯ ಪದಬಂಧದ ಪುಟವನ್ನು ಅವರ ಬಾಗಿಲ ಚಿಲಕಕ್ಕೆ ಸಿಕ್ಕಿಸುತ್ತಲೇ ಇದ್ದೆ. ಎಲ್ಲರದೂ ಇದೇ ಕಥೆ. ಮೊದಲು ಕೈಬಿಟ್ಟವಳು ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ.

ನನ್ನ ಬಾಯಿ ನಿಮಗೆ ಗೊತ್ತಲ್ಲ, ಅದಕ್ಕೇ ಬೀಗ ಬಿತ್ತು ಅತ್ತೆ. ಇಸ್ತ್ರಿ ಅಕ್ಕ ಹೊದಿಕೆ ಸುಕ್ಕು ಮಾಡಿದಳೆಂದು ಕೂಗೋಣವೆಂದರೆ, ಕೈಗವಸು ಹೊಲಿದವಳು ಅವಳೇ ಆಗಿದ್ದರೆ? ಹೀಗೆ ವರ್ಷಪೂರ್ತಿ ಎಲ್ಲರೂ ಎಲ್ಲರನ್ನೂ ಅನುಮಾನಿಸಿ ಎಲ್ಲರಿಗೂ ಒಳ್ಳೆಯವರಾದೆವು. ನಾನು ಜ್ವರ ಬಂದು ಮಲಗಿದಾಗ ನನ್ನ ಪಾಲಿನ ಕೆಲಸವೂ ಮುಗಿದಿತ್ತು. ಯಾರು ಮಾಡಿದ್ದು ಎಂದು ಕೇಳಿದರೆ ಎಲ್ಲರೂ ಸೂರು ನೋಡಿದರು. ಮೊನ್ನೆ ಮೇಲ್ವಿಚಾರಕಿ, "ಈ ಸಲವಾದ್ರೂ ಹೆಸರು ಹೇಳ್ಬಿಡೋಣ" ಅಂದರು. ಇಸ್ತ್ರಿ ಅಕ್ಕ, "ಅಯ್ಯೋ ಬೇಡ್ವೇ ಬೇಡ, ಗೊತ್ತಾದ್ರೆ ಮಿಕ್ಕೋರ ಜೊತೆ ಜಗಳ ಶುರುವಾಗತ್ತೆ" ಅಂದಳು. ಎಲ್ಲರೂ ನಕ್ಕು ಕೆಲಸಕ್ಕೆ ಹೋದೆವು.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಿಮ್ಮದೇ ನೆನಪು. ನೀವಿದ್ದಾಗ ಮೋಡ ಕಂಡ ದಿನ ಕೊಡೆ ತಾನಾಗಿ ಬಂದು ಬಾಗಿಲ ಮೊಳೆಗೆ ನೇತುಬೀಳುತ್ತಿತ್ತು. ನನ್ನ ಕೋಟಿನ ಸಡಿಲ ಗುಂಡಿ ರಾತ್ರಿ ಕಳೆಯುವುದರೊಳಗೆ ಗಟ್ಟಿಯಾಗುತ್ತಿತ್ತು. ಮಾಡಿದವರು ಒಂದು ದಿನವೂ ಬಾಯಿಬಿಡಲಿಲ್ಲ. ಉಪಯೋಗ ಏನು ಅಂತ ಕೇಳುತ್ತೀರಲ್ಲ, ಇದಕ್ಕೆ ಏನನ್ನುತ್ತಾರೆ ಮತ್ತೆ? ನೀವು ಹೋದರೂ ಮನೆಯೇನೂ ಅಗಲವಾಗಿಲ್ಲ. ನಿಮ್ಮ ಮಂಚದ ಮೇಲೆ ಬಟ್ಟೆಯ ರಾಶಿ ಬಿದ್ದಿದೆ; ಊರವರದೆಲ್ಲ ಮಡಚಿ ಬಂದವಳಿಗೆ ಮನೆಯದು ಕಂಡರೆ ಕೈಯೇ ಏಳುವುದಿಲ್ಲ. ನಿಮ್ಮ ಋಣ ದೊಡ್ಡದು ಅತ್ತೆ.

ನಾದಿನಿಗೂ ಅವಳ ಯಜಮಾನರಿಗೂ ನಾನು ಕೇಳಿದೆನೆಂದು ಹೇಳಿ. ಕೂಸಿಗೊಂದು ಮುತ್ತು. ನಮ್ಮ ಮೇಲೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೊಮ್ಮಗಳು ಕೈ ಹಿಡಿದಳು. ಮನೆಯಲ್ಲೂ ಚೀಟಿ ಎತ್ತೋಣವೆಂದು ಅವಳದು ಒಂದೇ ಹಟ. ಮೂವರೇ ಆಡಿದರೆ ಗುಟ್ಟು ನಿಲ್ಲುವುದಿಲ್ಲವಂತೆ. ಅವಳಿಗೆ ಅಪ್ಪನ ಹೆಸರು ಬಂದರೆ ಅಪ್ಪನ ಹತ್ತಿರ ನನ್ನದು, ನನ್ನ ಹತ್ತಿರ ಅವಳದು ಇರಲೇಬೇಕಲ್ಲ, ಎತ್ತಿದ ಕೂಡಲೇ ಎಲ್ಲ ಬಯಲು. ನಾಲ್ಕನೆಯವರು ಬೇಕೇ ಬೇಕಂತೆ. ನಿಮ್ಮ ಹೆಸರಿನ ಚೀಟಿಯನ್ನೂ ಬರೆದು ಡಬ್ಬಿಗೆ ಹಾಕಿದ್ದಾಳೆ. ನಿಮ್ಮ ಮಗ ಆಗಲೇ ಎದ್ದು ಮಂಚ ಖಾಲಿ ಮಾಡುತ್ತಿದ್ದಾರೆ. ಕ್ರಿಸ್‌ಮಸ್ಸಿಗೆ ಬಂದು ಹೋಗಿ ಅಂತ ನಾನು ಕರೆಯುತ್ತಿಲ್ಲ ಅತ್ತೆ. ನಮ್ಮ ಆಟ ವರ್ಷಪೂರ್ತಿಯದು, ದೊಡ್ಡ ಪೆಟ್ಟಿಗೆಯನ್ನೇ ತನ್ನಿ.