ರೂತ್ ಪರವಾಗಿ ಎರಡು ಮಾತು

12 ಜನವರಿ 2004, ಸೋಮವಾರ
ಮೆಟ್ಟಿಲ ಮೇಲಿನ ಹಿಮ ಎತ್ತಿಹಾಕಿದೆ. ಓಟ್ಸ್ ಗಂಜಿ. ಮತ್ತೆ ಕಾದಂಬರಿ. ಗುರುವಾರ ಥಂಡರ್ ಬೇ ಲೈಬ್ರರಿಯ ಬುಕ್ ಕ್ಲಬ್‌ನಲ್ಲಿ ನನ್ನ ಸರದಿ. ನಾಯಕಿಯ ಬಾಲ್ಯದಲ್ಲಿ ಇಬ್ಬರು ಹುಡುಗಿಯರು — ಮೇ, ಪ್ರಾಣಸ್ನೇಹಿತೆ. ರೂತ್, ಎಲ್ಲದರಲ್ಲೂ ಎದುರಾಳಿ. ಇಬ್ಬರನ್ನೂ ಹೋಲಿಸಿ ಹತ್ತು ನಿಮಿಷ ಮಾತಾಡಬೇಕು. ಹಾಳೆಗೆ ನಡುವೆ ಗೆರೆ ಎಳೆದೆ. ಮೇಗೆ ನಾಲ್ಕು ಸಾಲು. ರೂತ್‌ಗೆ ಹಾಳೆ ತಿರುವಬೇಕಾಯ್ತು.

14 ಜನವರಿ
ಡೊರೀನ್ ಏಲಕ್ಕಿ ಬ್ರೆಡ್ ತಂದಿದ್ದಳು. ಒಂದನೇ ಕ್ಲಾಸಿನಿಂದ ಗೆಳತಿ. ಹಾಳೆ ನೋಡಿದಳು.

"ಇದೇನೇ ವರ್ನಾ, ಆ ಹೊಟ್ಟೆಕಿಚ್ಚಿನ ಹುಡುಗಿಗೆ ಇಷ್ಟೊಂದು ಜಾಗ?"

"ಹೊಟ್ಟೆಕಿಚ್ಚಲ್ಲ. ನಾಯಕಿಯ ಶಕ್ತಿ ಎಷ್ಟು ಅಂತ ರೂತ್‌ಗೊಬ್ಬಳಿಗೇ ಗೊತ್ತಿತ್ತು."

"ನೀನೀಗ ಐಲಿ ಬಗ್ಗೆ ಮಾತಾಡ್ತಿದ್ದೀಯ."

ಐಲಿ, ಶಾಲೆಯಲ್ಲಿ ನನ್ನ ಎದುರಾಳಿ. ಬ್ರೆಡ್ ಕೊಯ್ಯತೊಡಗಿದೆ.

"ನಲವತ್ತೇಳು ವರ್ಷ ಆಯ್ತು ಕಣೇ. ಗೆದ್ದಿದ್ದು ನೀನು. ಮುಗೀತು."

ರೇಸ್ ಮುಗಿದ ದಿನವೂ ಇದನ್ನೇ ಹೇಳಿದ್ದಳು. ಪಾಪ, ನನ್ನ ಒಳ್ಳೇದಕ್ಕೇ.

15 ಜನವರಿ, ಸಂಜೆ 6
ಮಾತು ಅರ್ಧಕ್ಕೇ ನಿಂತಿತು. ರೂತ್ ನಾಯಕಿಗಾಗಿ ಹಿಂತಿರುಗುವ ಪುಟ ಓದುತ್ತಾ ಪುಸ್ತಕ ಮುಚ್ಚಿಬಿಟ್ಟೆ. ನೀರು ಕೊಟ್ಟರು. ಕೂತುಬಿಟ್ಟೆ.

ಇಲ್ಲಾದರೂ ಬರೀಬೇಕು. 1957, ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಸ್ಕೇಟಿಂಗ್ ರೇಸ್. ನನಗೂ ಐಲಿಗೂ ಹದಿನಾಲ್ಕು. ಅವಳು ಮುಂದಿದ್ದಳು. ಕೊನೇ ತಿರುವಲ್ಲಿ ಮಂಜುಗಡ್ಡೆ ಬಿರುಕು ಬಿಟ್ಟಿತ್ತು. ದಾಟಿ ಹೋಗಿಬಿಡಬಹುದಿತ್ತು ಅವಳು. ನಿಂತಳು. ನನ್ನ ಕಡೆ ತಿರುಗಿ ಕೈಬೀಸಿದಳು — ವರ್ನಾ, ಎಡಕ್ಕೆ ಬಾ. ಎಡಕ್ಕೆ ಹೋದೆ. ನಿಲ್ಲಲಿಲ್ಲ. ಪದಕ ನನಗೆ. ಐಲಿ ಸುಸ್ತಾಗಿ ನಿಂತಳಂತೆ, ಅಂದಿತು ಊರು. ಹೌದು ಅಂದೆ.

ಬೇಸಿಗೆಯಲ್ಲಿ ಐಲಿಯ ಮನೆಯವರು ಊರು ಬಿಟ್ಟು ನಿಪಿಗನ್‌ಗೆ ಹೊರಟುಹೋದರು. ಆಮೇಲೆ ನಾನು ಅಷ್ಟು ಜೋರಾಗಿ ಯಾವತ್ತೂ ಓಡಲಿಲ್ಲ. ಯಾರ ಜೊತೆ ಓಡೋದು...

27 ಜನವರಿ
ನಿಪಿಗನ್‌ಗೆ ಹೋಗಿಬಂದೆ. ಐಲಿಯದು ಮೀನಿನಂಗಡಿ. ಕೂದಲೆಲ್ಲ ಬೆಳ್ಳಗೆ. ನೋಡಿದ ಕೂಡಲೇ ಗುರುತು ಹಿಡಿದಳು. ನಿಂತೇ ಎಲ್ಲಾ ಹೇಳಿದೆ.

ಕೈ ಒರೆಸಿಕೊಂಡಳು. "ನಂಗೊತ್ತಿಲ್ವಾ? ನಿಂತವಳೇ ನಾನು."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂದ್ಕೊಂಡೆ. ಊರು ಬಿಡೋ ತನಕ ಕಾದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಪದಕ ಹೋಗ್ಲಿ ಬಿಡೇ," ಅಂದಳು. "ನಿನ್ನಂಥವಳು ಆಮೇಲೆ ಒಬ್ಬಳೂ ಸಿಗ್ಲಿಲ್ಲ."

ಗಿರಾಕಿ ಬಂದರು. ಹೊರಟೆ.

5 ಫೆಬ್ರವರಿ, ಗುರುವಾರ
ಬುಕ್ ಕ್ಲಬ್‌ನಲ್ಲಿ ಉಳಿದರ್ಧ ಮಾತಾಡಿದೆ. ರೂತ್‌ನಿಂದ ಶುರುಮಾಡಿ ಐಲಿಗೆ ಬಂದೆ. ಹೆಸರು ಹಿಡಿದೇ ಹೇಳಿದೆ. ಕೇಳುತ್ತಿದ್ದವರಲ್ಲಿ ಮೂವರು ಅವತ್ತು ಕೊಲ್ಲಿಯ ದಡದಲ್ಲಿ ನಿಂತು ರೇಸ್ ನೋಡಿದವರು. ಡೊರೀನ್ ತಲೆ ತಗ್ಗಿಸಿ ಕೂತಿದ್ದಳು. ಹೊರಗೆ ಬರುವಾಗ ಮಾತ್ರ ನನ್ನ ತೋಳು ಹಿಡಿದಳು, ಜಾರುತ್ತೆ ಅಂತ. ಇವಳೂ ಬೇಕು ನನಗೆ.

ಐಲಿಗೆ ಫೋನ್ ಮಾಡಿದೆ.

"ಎಲ್ಲರೂ ಕೇಳಿಸ್ಕೊಂಡ್ರಾ?"

"ಹನ್ನೊಂದು ಜನ."

"ಸಾಕು," ಅಂದಳು. ಫೋನಿಟ್ಟಳು.

ಬಾ ಅನ್ನಲಿಲ್ಲ. ಬರಬೇಡ ಅಂತಲೂ ಅನ್ನಲಿಲ್ಲ. ಭಾನುವಾರ ರಜೆ ಅಂತ ಅವಳ ಅಂಗಡಿ ಬಾಗಿಲ ಮೇಲೆ ಬರೆದಿತ್ತು. ಬೆಳಿಗ್ಗೆ ಬೇಗ ಹೊರಟರೆ —